ತಗಡಿನ ಕೆಳಗೊಂದು, ಮನೆಯಲ್ಲೊಂದು

ಹಾವಿನ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹಾವು ದ್ವೇಷ ಸಾಧಿಸುತ್ತದೆ, ಹಾಲು ಕುಡಿಯುತ್ತದೆ, ದೂರ ಬಿಟ್ಟು ಬಂದರೂ ಹುಡುಕಿಕೊಂಡು ಬರುತ್ತದೆ ಎಂದು ಯಾರಾದರೂ ಶುರು ಮಾಡಿದರೆ ನಡುವೆ ಬಾಯಿ ಹಾಕಿ ಕಥೆ ಕೆಡಿಸುವುದೇ ನನ್ನ ಕೆಲಸವಾಗಿತ್ತು. ಸಂಬಳ ಬರುವ ಕೆಲಸವೂ ಹೆಚ್ಚುಕಡಿಮೆ ಅದೇ. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಗುಣಮಟ್ಟ ಪರೀಕ್ಷಿಸುತ್ತಿದ್ದೆ. ಎಲ್ಲ ಸರಿಯಾಗಿದೆ ಎಂದು ಬೇರೆಯವರು ಹೇಳಿದ್ದನ್ನು ಅನುಮಾನಿಸುವುದಕ್ಕೇ ನನ್ನನ್ನು ಇಟ್ಟುಕೊಂಡಿದ್ದರು. ಈ ಬುದ್ಧಿ ಮನೆಗೂ ಬಂದುಬಿಡುತ್ತದೆ ಎಂದು ನನ್ನ ಗಂಡ ಸುಧೀರ್ ಆಗಾಗ ದೂರುತ್ತಾನೆ, ಅದು ಸುಳ್ಳಲ್ಲ. ಈಗ ಬರೆಯುತ್ತಿರುವುದನ್ನು ನೀವು ನಂಬಬೇಕೆಂದೇನೂ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ಹಾವು ಹುಡುಕುವ ಹುಚ್ಚು ನನಗೆ ಹತ್ತಿದ್ದು ಕೋವಿಡ್ ವರ್ಷದಲ್ಲಿ. ಎಲ್ಲರೂ ಮನೆಯಲ್ಲಿ ಬ್ರೆಡ್ ಮಾಡಲು ಕಲಿಯುತ್ತಿದ್ದಾಗ ನಾನು ಕಾಡಿನ ದಾರಿಗಳಲ್ಲಿ ನಡೆಯಲು ಹೋಗುತ್ತಿದ್ದೆ. ಅಲ್ಲಿ ಡೇಲ್ ಎಂಬ ನಿವೃತ್ತ ಮೇಷ್ಟರ ಪರಿಚಯವಾಯಿತು. ಈ ಕಡೆಯ ಹಾವುಗಳನ್ನು ಅವರು ನೆರೆಹೊರೆಯವರಂತೆ ಗುರುತಿಸುತ್ತಿದ್ದರು. ಹಾವು ಹುಡುಕುವವರು ಪೊದೆ ಬಡಿಯುತ್ತಾ ಅಲೆಯುವುದಿಲ್ಲ, ತಗಡು ಎತ್ತುತ್ತಾರೆ ಎಂದು ಕಲಿಸಿದವರು ಅವರೇ. ಪಾಳುಬಿದ್ದ ಜಮೀನುಗಳಲ್ಲಿ ಹಳೆಯ ಛಾವಣಿಯ ತಗಡುಗಳು ನೆಲದ ಮೇಲೆ ಬಿದ್ದಿರುತ್ತವೆ. ಬಿಸಿಲಿಗೆ ಕಾದ ತಗಡಿನ ಕೆಳಗೆ ಹಾವು ಬೆಚ್ಚಗೆ ಮಲಗಿರುತ್ತದೆ. ಉದ್ದ ಕೊಕ್ಕೆಯಿಂದ ಆಚೆಯ ಅಂಚನ್ನು ನಮ್ಮ ಕಡೆಗೆ ಎತ್ತಬೇಕು, ಆಗ ಹಾವಿಗೂ ನಮಗೂ ನಡುವೆ ತಗಡೇ ಅಡ್ಡ ಇರುತ್ತದೆ. ನೋಡಿಯಾದ ಮೇಲೆ ಹೇಗಿತ್ತೋ ಹಾಗೆಯೇ ಮುಚ್ಚಬೇಕು. ಯಾವ ತಗಡು ಎಲ್ಲಿದೆ ಎಂದು ಯಾರಿಗೂ ಬಾಯಿ ಬಿಡಬಾರದು, ಬಿಟ್ಟರೆ ಮುಂದಿನ ವಾರ ಇನ್ನೊಬ್ಬರು ಬಂದು ಎತ್ತಿರುತ್ತಾರೆ.

ನನಗೂ ಅಂಥ ಒಂದು ಜಾಗ ಸಿಕ್ಕಿತು. ಚಾಥಮ್ ಕೌಂಟಿಯಲ್ಲಿ, ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರ. ಹಿಂದೆ ತಂಬಾಕು ಒಣಗಿಸುತ್ತಿದ್ದ ಮರದ ಕೊಟ್ಟಿಗೆಯೊಂದು ಕುಸಿದು ಬಿದ್ದಿತ್ತು, ಸುತ್ತಲೂ ಪೈನ್ ಮರಗಳು. ಜಮೀನಿನ ಯಜಮಾನಿ ಅಜ್ಜಿ, ಉಣ್ಣಿ ಕಚ್ಚಿದರೆ ನನ್ನನ್ನು ಬೈಯಬೇಡ ಎಂದಷ್ಟೇ ಹೇಳಿ ಒಪ್ಪಿಗೆ ಕೊಟ್ಟರು. ಕೊಟ್ಟಿಗೆಯ ಹಿಂದಿನ ತಗಡಿನ ಕೆಳಗೆ ಆ ವಸಂತದಲ್ಲಿ ನನಗೆ ಒಂದು ಕಾರ್ನ್ ಸ್ನೇಕ್ ಸಿಕ್ಕಿತು. ವಿಷವಿಲ್ಲದ, ಇಲಿ ತಿನ್ನುವ ಸಾಧು ಹಾವು. ಕಿತ್ತಳೆ ಬಣ್ಣದ ಮೈ ಮೇಲೆ ಕೆಂಪು ಮಚ್ಚೆಗಳ ಸಾಲು. ಅದರ ಕುತ್ತಿಗೆಯ ಹತ್ತಿರ ಎರಡು ಮಚ್ಚೆಗಳು ಸಣ್ಣ ಎಳೆಯಿಂದ ಕೂಡಿಕೊಂಡು ಕನ್ನಡಕದ ಹಾಗೆ ಕಾಣುತ್ತಿದ್ದವು. ಬಾಲದ ತುದಿ ಎಂದೋ ತುಂಡಾಗಿ ಮೊಂಡಾಗಿತ್ತು. ಒಂದೆರಡು ಸಾಮಾನ್ಯ ಹಾವುಗಳನ್ನು ಮನೆಯಲ್ಲಿ ಸಾಕಲು ಅಡ್ಡಿಯಿಲ್ಲ ಎಂದು ಡೇಲ್ ಹೇಳಿದ್ದರು. ದಿಂಬಿನ ಕವರಿನಲ್ಲಿ ಹಾಕಿ ಗಂಟು ಕಟ್ಟಿ ಮನೆಗೆ ತಂದೆ.

ಸುಧೀರ್ ಮೊದಲು ಗುರುತಿಸಿದ್ದು ಹಾವನ್ನಲ್ಲ, ದಿಂಬಿನ ಕವರನ್ನು. "ಇದು ನನ್ನ ಪಿಲ್ಲೋದು" ಎಂದ. ಆಮೇಲೆ ಒಳಗೇನಿದೆ ಎಂದು ತಿಳಿದು ಒಂದು ಹೆಜ್ಜೆ ಹಿಂದೆ ಸರಿದ.

ಅವನು ಕುಂದಾಪುರದ ಕಡೆಯವನು. ಅವರ ಮನೆತನಕ್ಕೆ ನಾಗಬನ ಇದೆ, ವರ್ಷವರ್ಷ ನಾಗನಿಗೆ ತಂಬಿಲದ ಪೂಜೆ ನಡೆಯುತ್ತದೆ. ನಾನು ಮೈಸೂರಿನವಳು, ನನ್ನ ಪಾಲಿಗೆ ಹಾವೆಂದರೆ ಮೃಗಾಲಯದ ಗಾಜಿನ ಹಿಂದಿನ ಪ್ರಾಣಿ. ಇಟ್ಟುಕೋಬೇಡ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ತಿನ್ನಿಸಲು ತಂದ ಫ್ರೋಜನ್ ಇಲಿ ಅಡುಗೆಮನೆಯ ಫ್ರಿಜ್ಜಿಗೆ ಬರಬಾರದು ಎಂದು ಮಾತ್ರ ಶರತ್ತು ಹಾಕಿದ. ಗರಾಜಿನ ಮೇಲೆ ಬೋನಸ್ ರೂಮ್ ಎಂಬ ಹೆಚ್ಚುವರಿ ಕೋಣೆ ಇತ್ತು, ಅಲ್ಲಿ ಗಾಜಿನ ಟ್ಯಾಂಕ್ ಇಟ್ಟೆ, ಮುಚ್ಚಳಕ್ಕೆ ಕ್ಲಿಪ್ ಹಾಕಿದೆ, ಪಕ್ಕದಲ್ಲಿ ಇಲಿಗೆಂದೇ ಒಂದು ಪುಟ್ಟ ಫ್ರೀಜರ್ ಇಟ್ಟೆ. ಆ ದಿನದಿಂದ ಅವನು ಆ ರೂಮಿಗೆ ಕಾಲಿಡುವುದನ್ನೇ ಬಿಟ್ಟ. ಅಲ್ಲಿದ್ದ ಟ್ರೆಡ್‌ಮಿಲ್ಲನ್ನೂ ಬಿಟ್ಟ, ಅದೇನು ಅವನಿಗೆ ದೊಡ್ಡ ತ್ಯಾಗವಾಗಿರಲಿಲ್ಲ.

ಮರುವರ್ಷ ಬೇಸಿಗೆ ಹೊತ್ತಿಗೆ ನನ್ನ ಮಾವನವರಿಗೆ ಊರಿನಲ್ಲಿ ಹೃದಯದ ಆಪರೇಷನ್ ಎಂದಾಯಿತು. ಊರಿಗೆ ಹೋದರೆ ವೀಸಾ ಸ್ಟಾಂಪಿಂಗ್ ಆಗಿ ಮತ್ತೆ ಈ ದೇಶದೊಳಗೆ ಬರುವುದು ಯಾವಾಗಲೋ ಎಂಬ ಸ್ಥಿತಿ, ಹೋಗದಿದ್ದರೆ ಮಗನೆನ್ನಿಸಿಕೊಳ್ಳುವುದು ಹೇಗೆ ಎಂಬ ಸಂಕಟ. ಸುಧೀರ್ ರಾತ್ರಿಯೆಲ್ಲ ಫೋನ್ ಹಿಡಿದು ಕೂರುತ್ತಿದ್ದ. ನಾನು ಹಾವು ಸಾಕಿರುವುದು ಅಷ್ಟರಲ್ಲಿ ಅತ್ತೆಗೆ ಹೇಗೋ ಗೊತ್ತಾಗಿತ್ತು. "ನಾಗನ್ನ ಕೂಡಿ ಹಾಕೂಕಾಗ ಮಗಾ" ಎಂದು ಅವರು ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ನಾನು ಕೇಳಿಸಿಕೊಂಡಿಲ್ಲ ಎಂಬಂತೆ ಪಾತ್ರೆ ಜೋಡಿಸಿದೆ. ಮಾವನವರು ಗುಣವಾದರು. ಆದರೆ ಅಂದಿನಿಂದ ಸುಧೀರ್ ನನ್ನ ಜೊತೆ ಅಳೆದು ತೂಗಿ ಮಾತಾಡತೊಡಗಿದ. ಹೋಗಲಾರದ ಬೇಸರ ಇರಬೇಕು ಎಂದುಕೊಂಡೆ.

ಇಷ್ಟು ಹಿನ್ನೆಲೆ. ಆ ಸೆಪ್ಟೆಂಬರಿನ ಒಂದು ಸಂಜೆ, ಕೆಲಸ ಬೇಗ ಮುಗಿದಿದ್ದರಿಂದ ಒಬ್ಬಳೇ ಕೊಟ್ಟಿಗೆಯ ಜಾಗಕ್ಕೆ ಹೋದೆ. ಬೆಳಕು ಇನ್ನೂ ಚೆನ್ನಾಗಿತ್ತು. ಮುಂದಿನ ತಗಡುಗಳ ಕೆಳಗೆ ಇರುವೆ, ಜೇಡ, ಒಂದು ಕಪ್ಪೆ. ಹಿಂದಿನ ತಗಡನ್ನು ಎತ್ತಿದೆ. ಯಾರೋ ಬಿಟ್ಟು ಹೋದ ಹಳೆಯ ನೀಲಿ ರಬ್ಬರ್ ಕೈಗವಸು ಒಂದು ಮೊದಲಿನಿಂದಲೂ ಅಲ್ಲಿ ಬಿದ್ದಿತ್ತು. ಅದರ ಪಕ್ಕದಲ್ಲಿ ಸುರುಳಿ ಸುತ್ತಿಕೊಂಡು ಒಂದು ಕಾರ್ನ್ ಸ್ನೇಕ್ ಮಲಗಿತ್ತು. ಖುಷಿಯಿಂದ ಬಗ್ಗಿದವಳು ಹಾಗೆಯೇ ನಿಂತುಬಿಟ್ಟೆ. ಕುತ್ತಿಗೆಯ ಮೇಲೆ ಕನ್ನಡಕ. ಬಾಲದ ತುದಿ ಮೊಂಡು. ಕೈಗೆ ಎತ್ತಿಕೊಂಡೆ, ಅದು ನಿಧಾನವಾಗಿ ಬೆರಳುಗಳ ನಡುವೆ ಹರಿಯಿತು. ಮನೆಯ ಟ್ಯಾಂಕಿನಲ್ಲಿದ್ದ ಹಾವು ಅದು. ನನಗೆ ಅದರಲ್ಲಿ ಸ್ವಲ್ಪವೂ ಸಂಶಯವಿರಲಿಲ್ಲ.

ಭಯವಾಗಲಿಲ್ಲ, ಸಿಟ್ಟು ಬಂತು. ಇಲ್ಲಿಗೆ ಇದನ್ನು ತಂದು ಬಿಡಬಲ್ಲವನು ಒಬ್ಬನೇ. ಜಾಗ ನೋಡಿದ್ದವನೂ ಅವನೊಬ್ಬನೇ, ಮೊದಲ ವರ್ಷ ಹುಮ್ಮಸ್ಸಿನಲ್ಲಿ ನಾನೇ ಕರೆತಂದು ತೋರಿಸಿದ್ದೆ. ಇಂದು ನಾನು ಲ್ಯಾಬಿಗೆ ಹೋದ ಮೇಲೆ ಕೆಲಸ ಮುಗಿಸಿದ್ದಾನೆ ಎಂದುಕೊಂಡೆ. ಮೇಲಿಂದ, ಕೆಳಗಿಂದ, ಬಾಲದ ಹತ್ತಿರದಿಂದ ಫೋಟೋ ತೆಗೆದುಕೊಂಡು, ಹಾವನ್ನು ಅಲ್ಲಿಯೇ ಬಿಟ್ಟು, ತಗಡು ಮುಚ್ಚಿದೆ. ಸಾಕ್ಷಿಯನ್ನು ಇದ್ದಲ್ಲೇ ಬಿಡಬೇಕೆಂಬ ಲ್ಯಾಬಿನ ಬುದ್ಧಿ ಇರಬೇಕು. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಾ ಡ್ರೈವ್ ಮಾಡಿದೆ. ಹಾವು ಹೋಯಿತೆಂಬುದಲ್ಲ ನನ್ನ ನೋವು. ನೇರವಾಗಿ ಕೇಳಿದ್ದರೆ ನಾನೇ ಬಿಟ್ಟು ಬರುತ್ತಿದ್ದೆನೋ ಏನೋ. ಕದ್ದು ಮಾಡಿ, ಎದುರಿಗೆ ಕೂತು ಊಟ ಮಾಡುವ ಮನುಷ್ಯನ ಜೊತೆ ನಾನಿದ್ದೇನೆಯೇ ಎಂಬುದು ನನಗೆ ತಿಳಿಯಬೇಕಿತ್ತು.

ಮನೆಗೆ ಬಂದಾಗ ಸುಧೀರ್ ಡೈನಿಂಗ್ ಟೇಬಲ್ಲಿನಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದ. ಅವನನ್ನು ದಾಟಿಕೊಂಡು ನೇರ ಮೇಲೆ ಹೋದೆ. ಖಾಲಿ ಟ್ಯಾಂಕಿನ ಫೋಟೋವನ್ನೂ ತೆಗೆದುಕೊಂಡು ಕೆಳಗಿಳಿಯುವ ಯೋಚನೆ. ಟ್ಯಾಂಕಿನ ಕ್ಲಿಪ್ಪುಗಳು ಹಾಕಿದ ಹಾಗೆಯೇ ಇದ್ದವು. ಒಳಗೆ ನೀರಿನ ಬಟ್ಟಲಿನ ಸುತ್ತ ಹಾವು ಮಲಗಿತ್ತು. ಕುತ್ತಿಗೆಯ ಮೇಲೆ ಕನ್ನಡಕ, ಬಾಲದ ತುದಿ ಮೊಂಡು.

ಫೋನ್ ತೆರೆದು ಮುಕ್ಕಾಲು ಗಂಟೆ ಹಿಂದಿನ ಫೋಟೋವನ್ನು ಗಾಜಿನ ಪಕ್ಕ ಹಿಡಿದೆ. ಮೊದಲ ವರ್ಷ ಹಿಡಿದ ದಿನ ತೆಗೆದಿದ್ದ ಫೋಟೋವನ್ನೂ ಹುಡುಕಿ ತೆಗೆದೆ. ಮಚ್ಚೆಗಳನ್ನು ಒಂದೊಂದಾಗಿ ಹೋಲಿಸುತ್ತಾ ಬಾಲದವರೆಗೆ ಹೋದೆ. ಎಲ್ಲಿಯೂ ವ್ಯತ್ಯಾಸ ಸಿಗಲಿಲ್ಲ. ಒಂದೇ ತಾಯಿಯ ಮರಿಗಳಿಗೆ ಹೋಲಿಕೆ ಇರುತ್ತದೆ, ಒಪ್ಪುತ್ತೇನೆ. ಆದರೆ ತುಂಡಾದ ಬಾಲ ಹುಟ್ಟಿನಿಂದ ಬರುವುದಲ್ಲವಲ್ಲ.

ಸುಧೀರನನ್ನು ಕೂಗಿದೆ. ನನ್ನ ದನಿಯಲ್ಲಿ ಏನಿತ್ತೋ, ಅವನು ಮೀಟಿಂಗ್ ಬಿಟ್ಟು ಬಂದ, ನಾನು ಕಂಡಂತೆ ಒಂದು ವರ್ಷದಿಂದ ಕಾಲಿಡದ ರೂಮಿನ ಹೊಸ್ತಿಲವರೆಗೆ. ಫೋನ್ ಕೊಟ್ಟೆ.

"ಇದು ಈಗ ಕೊಟ್ಟಿಗೆ ಹತ್ರ ತೆಗೆದಿದ್ದು" ಎಂದೆ.

ಅವನು ಫೋಟೋ ನೋಡಿದ. ಟ್ಯಾಂಕ್ ನೋಡಿದ. ಆಮೇಲೆ ಅಲ್ಲೇ ಕಾರ್ಪೆಟ್ಟಿನ ಮೇಲೆ ಕೂತುಬಿಟ್ಟ.

"ಅದು ನಾನು ಬಿಟ್ಟಿದ್ದು" ಎಂದ. "ಅಪ್ಪನ ಆಪರೇಷನ್ ವಾರ. ನೀನು ಲ್ಯಾಬಿಗೆ ಹೋಗಿದ್ದೆ. ಅದು ಮಲಗೋ ಡಬ್ಬಿ ಸಮೇತ ಪಿಕ್ನಿಕ್ ಕೂಲರ್ ಪೆಟ್ಟಿಗೆಗೆ ಹಾಕ್ಕೊಂಡು ಹೋದೆ. ಖಾಲಿ ಡಬ್ಬಿ ವಾಪಸ್ ತಂದಿಟ್ಟೆ."

"ಯಾವ ತಗಡು?"

"ಹಿಂದಿಂದು. ನಿನ್ನ ಹಳೇ ಕೊಕ್ಕೆಯಿಂದ ಎತ್ತಿದೆ. ಕೆಳಗೆ ಒಂದು ನೀಲಿ ಗ್ಲೌಸ್ ಇತ್ತು."

ಕೈಗವಸಿನ ವಿಷಯ ನಾನು ಯಾರಿಗೂ ಹೇಳಿದವಳಲ್ಲ. ಅವನಿಗೆ ಜಾಗ ತೋರಿಸಿದ ದಿನ ಅವನು ಕಾರಿನ ಪಕ್ಕದಿಂದ ಅಲ್ಲಾಡಿರಲಿಲ್ಲ. ತಗಡನ್ನು ಎತ್ತಿದವರಿಗಲ್ಲದೆ ಅದು ಗೊತ್ತಾಗುವ ಹಾಗಿಲ್ಲ.

"ಹಾಗಾದ್ರೆ ಇದೇನು?" ಎಂದು ಟ್ಯಾಂಕ್ ತೋರಿಸಿದೆ.

"ಅದನ್ನ ನೀನು ಹೇಳ್ಬೇಕು" ಎಂದ. ಅವನ ಮುಖದಲ್ಲಿ ತಪ್ಪಿತಸ್ಥನ ಭಾವ ಇರಲಿಲ್ಲ, ಸಿಟ್ಟಿತ್ತು. "ಅವತ್ತು ಸಂಜೆ ನೀನು ಬಂದೆ, ಮೇಲೆ ಹೋದೆ, ಕೆಳಗೆ ಬಂದು ಏನೂ ಮಾತಾಡದೆ ಚಪಾತಿ ತಿಂದೆ. ನಾನು ಹೇಳೋಣ ಅಂತ ಕಾಯ್ತಾ ಇದ್ದೆ. ಮಾರನೇ ದಿನ ನೀನು ಹೋದ್ಮೇಲೆ ಬಂದು ನೋಡಿದ್ರೆ ಒಳಗಿದೆ. ಬೆಳಿಗ್ಗೆ ಬೇಗ ಎದ್ದು ಹೋಗಿ ಹಿಡ್ಕೊಂಡು ಬಂದು ಇಟ್ಟು ಕೆಲಸಕ್ಕೆ ಹೋಗಿದ್ದಾಳೆ ಅಂದ್ಕೊಂಡೆ. ಇಷ್ಟು ತಿಂಗಳು ಒಂದು ಮಾತು ಕೇಳ್ಲಿಲ್ಲ ನೀನು. ಅಪ್ಪ ಆಸ್ಪತ್ರೇಲಿದ್ದಾಗ್ಲೂ ಹಟ ಬಿಡ್ಲಿಲ್ಲ ಅಂತ ಎಷ್ಟು ಬೇಜಾರಾಗಿತ್ತು ಗೊತ್ತಾ?"

ಅವನು ಅಳೆದು ತೂಗಿ ಮಾತಾಡುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಆದರೆ ನಾನು ತಂದಿರಲಿಲ್ಲ. ಆ ಸಂಜೆ ಎಲ್ಲ ದಿನಗಳಂತೆ ಮೇಲೆ ಹೋಗಿ ನೋಡಿದ್ದೆ. ಡಬ್ಬಿಯಿಂದ ಬಾಲ ಹೊರಗೆ ಚಾಚಿತ್ತು, ದೀಪ ಆರಿಸಿ ಬಂದೆ, ಚಪಾತಿ ತಿಂದೆ. ಖಾಲಿಯಾಗಿತ್ತು ಎನ್ನುತ್ತಾನೆ ಅವನು, ಇತ್ತು ಎನ್ನುತ್ತೇನೆ ನಾನು. ಮನೆಬಾಗಿಲ ಕ್ಯಾಮೆರಾದಲ್ಲಿ ನೋಡೋಣವೆಂದರೆ ಅಷ್ಟು ಹಳೆಯ ವಿಡಿಯೋಗಳು ಅಳಿಸಿಹೋಗಿದ್ದವು. ನೀನೇ ಎಲ್ಲಿಂದಲೋ ಇಂಥದೇ ಇನ್ನೊಂದನ್ನು ತಂದಿಟ್ಟಿದ್ದೀಯ ಎಂದೆ. ಮುಟ್ಟಲಿಕ್ಕೇ ಬಾರದವನು ಎಲ್ಲಿಂದ ತರಲಿ ಎಂದ. ಅದೂ ಸರಿಯೇ.

ಇನ್ನೊಂದು ವಿಷಯ ಅವನಿಗೆ ನಾನು ಆಗ ಹೇಳಲಿಲ್ಲ. ಅವನು ಬಿಟ್ಟೆ ಎನ್ನುವ ಆ ವಾರದಿಂದ ಸುಮಾರು ದಿನ ಟ್ಯಾಂಕಿನ ಹಾವು ಇಲಿಯನ್ನು ಮೂಸಿಯೂ ನೋಡಿರಲಿಲ್ಲ. ಪೊರೆ ಬಿಡುವ ಹೊತ್ತಿರಬೇಕು ಎಂದುಕೊಂಡಿದ್ದೆ, ಆದರೆ ಆ ಹೊತ್ತಿನಲ್ಲಿ ಆಗುವಂತೆ ಅದರ ಕಣ್ಣು ಮಂಜಾಗಿರಲಿಲ್ಲ. ಕಾಡಿನಿಂದ ಹೊಸದಾಗಿ ತಂದ ಹಾವು ಹಾಗೆ ಊಟ ಬಿಡುತ್ತದೆ. ಮೊದಲ ಸಲ ತಂದಾಗಲೂ ಇದು ಬಿಟ್ಟಿತ್ತು.

ಆ ಶನಿವಾರ ಬೆಳಿಗ್ಗೆ ಇಬ್ಬರೂ ಟ್ಯಾಂಕಿನ ಹಾವನ್ನು ತೆಗೆದುಕೊಂಡು ಕೊಟ್ಟಿಗೆಗೆ ಹೋದೆವು. ತಗಡನ್ನು ಈ ಬಾರಿ ಅವನೇ ಎತ್ತಿದ, ಹಾವನ್ನು ನಾನು ಹಿಡಿದಿದ್ದೆ. ಕೆಳಗೆ ಹಾವಿರಲಿಲ್ಲ. ಕೈಗವಸಿನ ಪಕ್ಕದಲ್ಲಿ ಹೊಸದಾಗಿ ಬಿಟ್ಟ ಪೊರೆಯೊಂದು ಇಡಿಯಾಗಿ ಬಿದ್ದಿತ್ತು, ಬಾಲದ ತುದಿ ಮೊಂಡು. ನಮ್ಮದನ್ನು ಬಿಟ್ಟೆವು. ಅದು ಸುತ್ತಮುತ್ತ ನೋಡದೆ, ದಾರಿ ಗೊತ್ತಿದ್ದಂತೆ ಕೈಗವಸನ್ನು ದಾಟಿ ಒಳಗೆ ಹೋಯಿತು. ಪೊರೆಯನ್ನು ನಾನು ಚೀಲಕ್ಕೆ ಹಾಕಿಕೊಂಡೆ. ಟ್ಯಾಂಕಿನಲ್ಲಿ ಹಿಂದಿನ ತಿಂಗಳು ಬಿಟ್ಟಿದ್ದ ಪೊರೆಯೂ ನನ್ನ ಹತ್ತಿರ ಇತ್ತು. ಡೇಲ್ ಅವರಿಗೆ ಏನೂ ಹೇಳದೆ ಕೊಟ್ಟಿಗೆಯ ಹಾವಿನದೊಂದು, ಟ್ಯಾಂಕಿನ ಹಾವಿನದೊಂದು ಫೋಟೋ ಮಾತ್ರ ಕಳಿಸಿದೆ. ಚೆಂದದ ಹಾವು, ಒಂದೇ ಹಾವಿನ ಫೋಟೋ ಎರಡು ಸಲ ಯಾಕೆ ಕಳಿಸಿದ್ದೀ ಎಂದು ಉತ್ತರ ಬಂತು.

ಎರಡು ಪೊರೆಗಳನ್ನು ಪರೀಕ್ಷೆ ಮಾಡಿಸಿದರೆ ಒಂದೇ ಹಾವೋ ಎರಡೋ ಎಂದು ತಿಳಿದುಬಿಡುತ್ತದೆ. ಮಾಡಿಕೊಡುವ ಗೆಳತಿ ಹಳೆಯ ಲ್ಯಾಬಿನಲ್ಲೇ ಇದ್ದಾಳೆ. ಈ ನಡುವೆ ನಾವು ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗಿಗೆ ಮನೆ ಬದಲಿಸಿದೆವು, ಮಾವನವರು ಒಮ್ಮೆ ಬಂದು ನಮ್ಮೊಡನೆ ಇದ್ದು ಹೋದರು, ಪೊರೆಗಳು ಇನ್ನೂ ನನ್ನ ಕಪಾಟಿನಲ್ಲೇ ಇವೆ. ದಿನವೂ ಪರೀಕ್ಷೆ ಮಾಡಿ ಬದುಕುವ ನಾನು ಇದೊಂದನ್ನು ಕಳಿಸಿಲ್ಲ. ಒಂದೇ ಎಂದು ಬಂದರೆ, ಇಷ್ಟು ದಿನ ನಾನು ಕೆಡಿಸಿದ ಕಥೆಗಳಿಗೆಲ್ಲ ಏನು ಹೇಳಲಿ ಎಂದು ತಿಳಿಯದು. ಎರಡು ಎಂದು ಬಂದರೆ ಇನ್ನೂ ಕಷ್ಟ. ಆ ಎರಡನೆಯದನ್ನು ಮನೆಯಲ್ಲಿದ್ದ ಇಬ್ಬರಲ್ಲಿ ಒಬ್ಬರು ತಂದಿಟ್ಟಿರಬೇಕು, ನಾನು ತಂದಿಲ್ಲವೆಂಬುದು ನನಗೆ ಗೊತ್ತು.

ಹೋದ ವಾರ ಕಾಫಿ ಕುಡಿಯುತ್ತಾ ಸುಧೀರ್ ಮತ್ತೆ ಕೇಳಿದ, ತಮಾಷೆಯ ದನಿಯಲ್ಲೇ. "ಈಗಲಾದ್ರೂ ನಿಜ ಹೇಳು. ನೀನೇ ಅಲ್ವಾ ತಂದಿದ್ದು?"

"ಅಲ್ಲ. ನೀನಾ?"

"ಅಲ್ಲ."

ನಾನು ಅವನ ಮುಖ ನೋಡಿದೆ. ಅವನೂ ನನ್ನ ಮುಖವನ್ನೇ ನೋಡುತ್ತಿದ್ದ.