ಹುಳದ ಮನೆಯ ಹೊಸಿಲು

ಊರು ನಗರಸಭೆಯ ವಾರ್ಡಾಯಿತು ಎಂದು ಗೊತ್ತಾದ ಮೇಲೆ ಬೈರಮ್ಮ ಕೆಲವು ದಿನ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಕನಕಪುರ ರಸ್ತೆಯ ಪಕ್ಕದ ಆ ಹಳ್ಳಿಗೆ ಟಾರು, ನಲ್ಲಿ, ಬೆಂಗಳೂರಿನ ಬಸ್ಸು ಬಂದದ್ದಕ್ಕೆ ಅವಳ ತಕರಾರಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟವಳೂ ಅಲ್ಲ. ಎದುರಿನ ರಾಗಿ ಹೊಲ ಲೇಔಟಾಗಿ, ಅಲ್ಲಿಗೆ ಬಂದ ಜನ ಮಾತ್ರ ಅವಳಿಗೆ ಆಗಿಬರುತ್ತಿರಲಿಲ್ಲ. ರೇಷ್ಮೆ ಹುಳ ಸಾಕುವ ಮನೆಗೆ ಕೈಕಾಲು ತೊಳೆಯದೆ ಕಾಲಿಡಬಾರದು, ಊದುಬತ್ತಿಯ ಹೊಗೆಯೂ ಸೋಕಬಾರದು ಎನ್ನುವುದೆಲ್ಲ ಇವರಿಗೇನು ಗೊತ್ತು ಎಂಬುದು ಅವಳ ವಾದ. ಗೊತ್ತಿಲ್ಲ ನಿಜ. ಇವಳು ಹೇಳಿಯೂ ಇರಲಿಲ್ಲ.

ಚನ್ನಪಟ್ಟಣದಿಂದ ಬಂದು ಬಟ್ಟೆ ಅಂಗಡಿ ಇಟ್ಟ ಎದುರು ಮನೆಯ ಸೌಮ್ಯಶ್ರೀ, ಗೃಹಪ್ರವೇಶಕ್ಕೆ ಕರೆಯಲೆಂದು ಘಮ್ಮೆನ್ನುವ ಸೆಂಟು ಪೂಸಿಕೊಂಡು ಬಂದಿದ್ದಳು. ಬೈರಮ್ಮ ಹುಳದ ಮನೆಯ ಹೊಸಿಲಲ್ಲೇ ಅಡ್ಡ ನಿಂತು, ವಾಸನೆ, ಹೊಗೆ ತಾಗಿದರೆ ಹುಳ ಸಾಯುತ್ತವೆ ಎಂದು ಗದರಿ ಬಾಗಿಲು ಹಾಕಿಕೊಂಡಳು. ಗೃಹಪ್ರವೇಶಕ್ಕೂ ಹೋಗಲಿಲ್ಲ. ಆಮೇಲೆ ಮನಸ್ಸು ಚುರುಕ್ ಎಂದರೂ ಬಿಗುಮಾನ ಬಿಡಲಿಲ್ಲ.

ಈ ಸಲದ ಬೆಳೆ ಸೊಗಸಾಗಿತ್ತು. ಹುಳ ಹಣ್ಣಾಗತೊಡಗಿದ್ದವು, ಇನ್ನು ಗೂಡು ಕಟ್ಟುವುದಷ್ಟೇ ಬಾಕಿ. ಇದು ಕೈಕೊಟ್ಟರೆ ಹುಳದ ಸಹವಾಸವೇ ಬೇಡ, ಹುಳದ ಮನೆಯನ್ನು ಬಾಡಿಗೆಗೆ ಬಿಡೋಣ ಎಂದು ಮಗ ಕೆಂಪರಾಜು ಮೊದಲೇ ಹೇಳಿದ್ದ. ಸಂಜೆ ಅವಳು ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಬೀದಿಯ ಕಡೆಯಿಂದ ಸೊಳ್ಳೆಗೆ ಹೊಗೆ ಬಿಡುವ ಗಾಡಿಯ ಸದ್ದು ಕೇಳಿಸಿತು. ಹೊರೆ ಅಲ್ಲೇ ಎಸೆದು ಓಡಿದಳು.

ತಿರುವಿಗೆ ಬಂದರೆ ಗಾಡಿ ನಿಂತಿದೆ. ಅದರ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಸೌಮ್ಯಶ್ರೀ, ಹಿಂದೆ ಲೇಔಟಿನ ಹೆಂಗಸರು. ಅವಳು ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮಾತು ಹಾಕಿದ್ದಕ್ಕೆ ಎಲ್ಲರೂ ಇಳಿದು ಬಂದಿದ್ದರಂತೆ. ಗೂಡು ಬಿಡಿಸುವವರೆಗೆ ಈ ಬೀದಿಗೆ ಹೊಗೆ ಬೇಡ, ನಾವು ಸೊಳ್ಳೆ ಪರದೆ ಕಟ್ಟಿಕೊಳ್ಳುತ್ತೇವೆ ಎಂದು ಪಟ್ಟು ಹಿಡಿದಿದ್ದರು. ಗಾಡಿಯವನು ಗೊಣಗುತ್ತಾ ಹಿಂದಕ್ಕೆ ತಿರುಗಿಸಿದ.

ಬೈರಮ್ಮ ತನ್ನ ಮನೆಯ ಜಗಲಿಯ ಮೇಲೆ ಕೂತಳು. ಅಳುವೂ ನಗುವೂ ಒಟ್ಟಿಗೇ ಬಂದವು.

"ಹುಳಕ್ಕೆ ಹೊಗೆ ಆಗಾಕಿಲ್ಲ ಅಂತ ನಿಂಗ್ಯಾರವ್ವ ಹೇಳ್ಕೊಟ್ಟೋರು?"

"ನೀವೇ ಅಲ್ವಾ ಅಜ್ಜಿ, ಅವತ್ತು ಬಾಗಿಲು ಹಾಕೋವಾಗ."

ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮರುದಿನ, ಬೈರಮ್ಮ ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಎದುರು ಮನೆಗೆ ಹೋದಳು. ಸೌಮ್ಯಶ್ರೀ ಒಳಗೆ ಕರೆದರೂ ಹೊಸಿಲು ದಾಟಲಿಲ್ಲ. ಮೊದಲು ಕಾಲು ತೊಳೆಯಲು ಒಂದು ಚೊಂಬು ನೀರು ಕೇಳಿದಳು.