ಕತ್ತರಿಗೆ ಬಿದ್ದ ಅರಸೊತ್ತಿಗೆ

ಶಿರಸಿಯಲ್ಲಿ ನಾನು ಹೋಗುತ್ತಿದ್ದ ಕಟಿಂಗ್ ಅಂಗಡಿಯವರು ಚೀನಾದ ಕೊನೆಯ ಅರಸುಮನೆತನ ಬಿದ್ದ ಕಥೆಯನ್ನು ಮೊಬೈಲಿನಲ್ಲಿ ನೋಡಿದ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಆ ಅರಸರ ಕಾಲದಲ್ಲಿ ಗಂಡಸರೆಲ್ಲ ಉದ್ದ ಜಡೆ ಬಿಡಲೇಬೇಕಿತ್ತಂತೆ, ತಪ್ಪಿದರೆ ತಲೆಯೇ ಹೋಗುತ್ತಿತ್ತಂತೆ. ಜನ ತಿರುಗಿಬಿದ್ದಾಗ ಜಡೆಗೇ ಕತ್ತರಿ ಹಾಕಿದರು.

"ಅರಸೊತ್ತಿಗೆ ಬೀಳ್ಸಿದ್ದು ಬಂದೂಕಲ್ಲ ತಮಾ, ಕತ್ತರಿ!" ಎಂದು ಅವರು ಪ್ರತಿ ಗಿರಾಕಿಯ ಕಿವಿಯ ಬಳಿಯೂ ಗಾಳಿಯಲ್ಲಿ ಕತ್ತರಿಯನ್ನು ಕಚಕಚ ಆಡಿಸುತ್ತಿದ್ದರು.

ಅಪ್ಪನ ಜೊತೆ ಜಗಳವಾಡಿ ಎರಡು ವರ್ಷ ಬೆಳೆಸಿದ್ದ ನನ್ನ ಜುಟ್ಟಿನ ತುದಿ ಮಾತ್ರ ತೆಗೆಯಿರಿ ಎಂದು ಒಂದು ದಿನ ಕೂತೆ. ಕಥೆ ಶುರುವಾಯಿತು. ಮೂರು ವರ್ಷವೂ ತುಂಬದ ಕೂಸನ್ನು ಸಿಂಹಾಸನಕ್ಕೆ ಏರಿಸಿದರು, ಕೂಸು ಹೋ ಎಂದು ಅತ್ತಿತು, ಊರೂರಲ್ಲಿ ದಂಗೆ ಎದ್ದಿತು, ಹೇಳುವವರ ದನಿಯೂ ಏರಿತು. "ಬಿತ್ತು ನೋಡು!" ಎಂದರು. ಕಚಕ್.

ಇಡೀ ಜುಟ್ಟು ಅವರ ಕೈಯಲ್ಲಿತ್ತು.

"ಅಯ್ಯಯ್ಯೋ, ಎಂತ ಆಗೋತು ತಮಾ!" ಎನ್ನುತ್ತ ಅದನ್ನು ಮತ್ತೆ ನನ್ನ ಕುತ್ತಿಗೆಗೆ ಹಿಡಿದು ನೋಡಿದರು. ಕನ್ನಡಿಯಲ್ಲಿ ನಮ್ಮಿಬ್ಬರ ಮುಖ ಕಂಡು ನನಗೆ ನಗು ತಡೆಯಲಾಗಲಿಲ್ಲ.

ಮರುದಿನ, ತಲೆಯಲ್ಲಿ ಒಂದೂ ಕೂದಲಿಲ್ಲದ ನಮ್ಮಪ್ಪ ಹೋಗಿ ಅದೇ ಕುರ್ಚಿಯಲ್ಲಿ ಕೂತು, "ಆ ಚೀನಾದ ಕಥೆ ಮೊದ್ಲಿಂದ ಹೇಳು ಮಾರಾಯ" ಎಂದರಂತೆ.