‘ಉಸಿರು ಬಿಡಿ’ ಎನ್ನಲು ಮರೆತ ರಾತ್ರಿ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ಆದರೆ ಕಾರ್ಕಳ ಕಡೆಯ ಒಂದು ಆಸ್ಪತ್ರೆಯ ಹಳೆಯ ರಿಜಿಸ್ಟರಿನಲ್ಲಿ ನನ್ನ ಕೈಬರಹದ ಒಂದು ಸಾಲು ಉಂಟು. ಗೆದ್ದಲು ತಿನ್ನದಿದ್ದರೆ ಈಗಲೂ ಇರಬೇಕು. ಬರೆದವಳೂ ನಾನೇ, ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದವಳೂ ನಾನೇ. ಬರೆದದ್ದು ಸುಳ್ಳು. ಯಾಕೆ ಹೊಡೆದು ಹಾಕಿದೆ ಎಂಬುದೇ ಈ ಕಥೆ, ಅದು ನಿಜ.

ನಾನು ಹೆದರುಪುಕ್ಕಿಯಲ್ಲ. ನಮ್ಮ ಮನೆ ಕಾಪುವಿನಲ್ಲಿ, ದೀಪಸ್ತಂಭದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ದೈವಕ್ಕೆ ಕೈಮುಗಿದು ಬೆಳೆದವರು ದೆವ್ವಕ್ಕೆ ಹೆದರಬಾರದು ಎಂದು ಅಜ್ಜಿ ಹೇಳುತ್ತಿದ್ದರು. ಕತ್ತಲೆಗೆ ಹೆದರುವವಳಾಗಿದ್ದರೆ ಎಕ್ಸರೇ ಕಲಿಯಲು ಹೋಗುತ್ತಿದ್ದೆನಾ ನಾನು? ಆಗ ಈಗಿನ ಹಾಗೆ ಕಂಪ್ಯೂಟರಿನಲ್ಲಿ ಚಿತ್ರ ಬರುತ್ತಿರಲಿಲ್ಲ ಮಾರಾಯ್ರೆ. ಫಿಲ್ಮು ತೆಗೆದು, ಡಾರ್ಕ್‌ರೂಮಿಗೆ ಹೊಕ್ಕು, ಕೆಂಪು ದೀಪದ ಕೆಳಗೆ ಹುಳಿ ವಾಸನೆಯ ರಾಸಾಯನಿಕದಲ್ಲಿ ಅದ್ದಿ ತೊಳೆಯಬೇಕಿತ್ತು. ಊಟಕ್ಕೆ ಕೂತರೂ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ.

ಮಣಿಪಾಲದಲ್ಲಿ ಕ್ಲಾಸು ಮುಗಿಸಿ, ಕೊನೆಯ ವರ್ಷದ ತರಬೇತಿಗೆ ನನ್ನನ್ನು ಕಾರ್ಕಳದ ಕಡೆಯ ಆ ಆಸ್ಪತ್ರೆಗೆ ಹಾಕಿದ್ದರು. ಅಲ್ಲಿ ನಮಗೆ ಗುರು ಲಾರೆನ್ಸ್ ಸರ್. ಮಲ್ಲಿಗೆಗೆ ಹೆಸರಾದ ಶಂಕರಪುರದವರು. ಮನೆಯಲ್ಲಿ ಮಲ್ಲಿಗೆ ಗಿಡ ಇದ್ದವರಾದರೂ ಮಾತಿನಲ್ಲಿ ಮಲ್ಲಿಗೆ ಏನೂ ಇರಲಿಲ್ಲ. ಅವರು ಮೊದಲ ದಿನವೇ ಹೇಳಿದ್ದು ಇಷ್ಟು: ‘ಉಸಿರು ಹಿಡಿಯಿರಿ’ ಎಂದು ಹೇಳಲು ದಾರಿಯಲ್ಲಿ ಹೋಗುವವನಿಗೂ ಬರುತ್ತದೆ, ‘ಬಿಡಿ’ ಎಂದು ನೆನಪಿನಿಂದ ಹೇಳುವವನೇ ಟೆಕ್ನಿಷಿಯನ್.

ಎದೆಯ ಎಕ್ಸರೇ ಗೊತ್ತಲ್ವಾ? ರೋಗಿ ಸ್ಟ್ಯಾಂಡಿಗೆ ಎದೆ ಕೊಟ್ಟು, ಗಲ್ಲ ಮೇಲಿಟ್ಟು ನಿಲ್ಲಬೇಕು. ಪೂರ್ತಿ ಉಸಿರು ಎಳೆದು ಹಿಡಿದಾಗ ನಾವು ಗುಂಡಿ ಒತ್ತಬೇಕು. ಆ ಕ್ಷಣದಲ್ಲಿ ಉಸಿರಾಡಿದರೆ ಚಿತ್ರ ಮಸುಕು, ಫಿಲ್ಮು ಹಾಳು. ಹಾಳಾದ ಒಂದೊಂದು ಫಿಲ್ಮನ್ನೂ, ಯಾಕೆ ಹಾಳಾಯಿತು ಎಂಬ ಕಾರಣದೊಂದಿಗೆ ರಿಜಿಸ್ಟರಿನಲ್ಲಿ ಬರೆಯಬೇಕು. ನಮ್ಮ ತಪ್ಪಿನಿಂದ ತಿಂಗಳಿಗೆ ಐದಕ್ಕಿಂತ ಹೆಚ್ಚು ಹಾಳಾದರೆ ಲಾರೆನ್ಸ್ ಸರ್ ಲಾಗ್‌ಬುಕ್ಕಿಗೆ ಸಹಿ ಹಾಕುತ್ತಿರಲಿಲ್ಲ. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಆ ತಿಂಗಳು ನನ್ನ ಹೆಸರಿನಲ್ಲಿ ಆಗಲೇ ಐದು ಆಗಿತ್ತು.

ಒಂದು ಸಂಜೆ ಯಲ್ಲಪ್ಪ ಎಂಬವರು ಬಂದರು. ಬಾಗಲಕೋಟೆ ಕಡೆಯವರು, ಕಾರ್ಕಳದ ಆಚೆ ಕಲ್ಲಿನ ಕೋರೆಯಲ್ಲಿ ಕೆಲಸ. ಮೈಯಿಂದ ಕಲ್ಲು ಒಡೆದಾಗ ಬರುತ್ತದಲ್ಲ, ಆ ಸುಟ್ಟ ಹಾಗಿನ ಧೂಳಿನ ವಾಸನೆ. ಜ್ವರ, ಏದುಸಿರು. ಜೊತೆಯಲ್ಲಿ ಹೆಂಡತಿ ಶಾಂತವ್ವ. ಫಿಲ್ಮು ನೋಡಿ, ಬೇಕಿದ್ದರೆ ಈಗಲೇ ಮಣಿಪಾಲದ ದೊಡ್ಡಾಸ್ಪತ್ರೆಗೆ ಕಳಿಸುವ ಎಂದು ಡಾಕ್ಟರು ಕಾಯುತ್ತಿದ್ದರು. ಅವರು ಎಂಟು ಗಂಟೆಗೆ ಮನೆಗೆ ಹೋಗುವವರು.

ನಾನು ಯಲ್ಲಪ್ಪನವರನ್ನು ನಿಲ್ಲಿಸಿ, ಉಸಿರು ಎಳೆದುಕೊಳ್ಳಿ, ಹಿಡಿಯಿರಿ ಎಂದು ಹೇಳಿ ಸೀಸದ ತಡಿಕೆಯ ಹಿಂದೆ ಓಡಿದೆ. ನೋಡಿದರೆ ಯಂತ್ರದಲ್ಲಿ ಅವರಿಗಿಂತ ಮೊದಲು ಬಂದಿದ್ದ ಒಬ್ಬ ಅಜ್ಜನ ಕೈಬೆರಳಿಗೆ ಇಟ್ಟ ಅಳತೆಯೇ ಉಂಟು. ಬದಲಾಯಿಸಲು ಮರೆತಿದ್ದೆ. ಚಾರ್ಟು ನೋಡಿದೆ, ಗುಬುಟು ತಿರುಗಿಸಿದೆ, ಮತ್ತೆ ಚಾರ್ಟು ನೋಡಿದೆ. ಆ ಮನುಷ್ಯ ಅಷ್ಟೂ ಹೊತ್ತು ಹಿಡಿದೇ ನಿಂತಿದ್ದರು. ನಾನು ಗುಂಡಿ ಒತ್ತುವುದಕ್ಕೂ, ಪಾಪ, ಅವರಿಗೆ ತಡೆಯಲಾಗದೆ ಕೆಮ್ಮು ಬರುವುದಕ್ಕೂ ಸರಿಯಾಯಿತು.

ಫಿಲ್ಮು ಮಸುಕಾಗಿ ಬಂತು. ಆರನೆಯದು.

ನಾನು ರಿಜಿಸ್ಟರು ತೆರೆದು ಬರೆದೆ: ‘ರೋಗಿ ಉಸಿರು ಹಿಡಿಯಲಿಲ್ಲ.’ ಬರೆದದ್ದು ಸಾಲದು ಎಂದು ಹೊರಗೆ ಬಂದು ಅವರ ಮುಖಕ್ಕೂ ಅದನ್ನೇ ಹೇಳಿದೆ, ಹೆಂಡತಿಯ ಎದುರೇ. ನೀವು ಸರಿಯಾಗಿ ಹಿಡಿಯಲಿಲ್ಲ, ಇನ್ನೊಮ್ಮೆ ತೆಗೆಯಬೇಕು ಎಂದೆ. ಅವರು ತಪ್ಪು ಮಾಡಿದ ಮಕ್ಕಳ ಹಾಗೆ ತಲೆ ತಗ್ಗಿಸಿದರು. ಇಪ್ಪತ್ತೆರಡು ವರ್ಷದ ನನ್ನೆದುರು, ಅಪ್ಪನ ಪ್ರಾಯದ ಮನುಷ್ಯ. ಈಗ ನೆನೆಸಿದರೆ ನನಗೆ ನನ್ನ ಮೇಲೆಯೇ ಅಸಹ್ಯ.

ಇನ್ನೊಮ್ಮೆ ತೆಗೆಯುವ ಎಂದರೆ ಕರೆಂಟು ಹೋಯಿತು. ಜನರೇಟರಿನಲ್ಲಿ ಎಕ್ಸರೇ ಯಂತ್ರ ಓಡುವುದಿಲ್ಲ. ಎಂಟಾಯಿತು, ಡಾಕ್ಟರು ಹೋದರು. ಕರೆಂಟು ಬಂದದ್ದು ಹತ್ತರ ಹೊತ್ತಿಗೆ.

ಎರಡನೆಯ ಸಲ ನಾನು ಎಲ್ಲವನ್ನೂ ಮೊದಲೇ ಸರಿ ಮಾಡಿಕೊಂಡಿದ್ದೆ. ಹಿಡಿಯಿರಿ ಎಂದೆ, ಒತ್ತಿದೆ. ಅಷ್ಟರಲ್ಲಿ ಫೋನು ಹೊಡೆಯಿತು. ಅಪಘಾತದ ಕೇಸು ಬರುತ್ತಿದೆಯಂತೆ, ತಯಾರಿರಬೇಕಂತೆ. ಹೂಂ ಹೂಂ ಎಂದು ಮಾತಾಡಿ ಫೋನು ಇಟ್ಟು ತಿರುಗಿದರೆ... ಯಲ್ಲಪ್ಪ ಇನ್ನೂ ಸ್ಟ್ಯಾಂಡನ್ನು ತಬ್ಬಿಕೊಂಡು ನಿಂತಿದ್ದಾರೆ. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು. ಕಣ್ಣಲ್ಲಿ ನೀರು. ‘ಬಿಡಿ’ ಎಂದು ನಾನು ಹೇಳಿರಲಿಲ್ಲ.

ಅಯ್ಯೋ, ಬಿಡಿ ಬಿಡಿ ಎಂದೆ. ಬಿಟ್ಟರು. ತುಂಬಾ ಹೊತ್ತು ಕೆಮ್ಮಿದರು. ಆಮೇಲೆ ಬಾಯಿ ಒರೆಸಿಕೊಂಡು, ನಕ್ಕು ಕೇಳಿದರು:

“ಈ ಸಲ ಛಲೋ ಬಂತೇನ್ರೀ ಅಕ್ಕಾರ?”

ನನಗೆ ಅಪಘಾತದ ಕೇಸಿನ ಚಿಂತೆ. ಹೊರಗೆ ಕುಳಿತುಕೊಳ್ಳಿ ಎಂದೆ. ಉತ್ತರ ಕೊಡಲಿಲ್ಲ.

ಫಿಲ್ಮು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಕ್ಲಾಸಿನಲ್ಲಿ ತೋರಿಸಬಹುದಿತ್ತು. ಎದೆ ಪೂರ್ತಿ ಹಿಗ್ಗಿತ್ತು, ಒಳ್ಳೆಯ ಫಿಲ್ಮಿನಲ್ಲಿ ಕಾಣಬೇಕಾದ ಪಕ್ಕೆಲುಬು ಹತ್ತೂ ಎಣಿಸಬಹುದು. ಅದರ ನಡುವೆ ಎರಡೂ ಶ್ವಾಸಕೋಶದಲ್ಲಿ ಬಿಳಿ ಬಿಳಿ... ಕಲಿಯುವವಳಾದ ನನಗೂ ಗೊತ್ತಾಗುವಷ್ಟು. ಡಾಕ್ಟರನ್ನು ಮನೆಯಿಂದ ಕರೆಸಿ, ಅವರು ನೋಡಿ, ಮಣಿಪಾಲಕ್ಕೆ ಕೊಂಡುಹೋಗಿ ಎಂದು ಹೇಳಿ, ಬೇರೆ ಕಡೆ ಹೋಗಿದ್ದ ಆ್ಯಂಬುಲೆನ್ಸ್ ತಿರುಗಿ ಬರುವಾಗ ಬೆಳಗಾಗಿತ್ತು. ಯಲ್ಲಪ್ಪ ಅದಕ್ಕಿಂತ ಸ್ವಲ್ಪ ಮೊದಲು ತೀರಿಕೊಂಡಿದ್ದರು.

ಶ್ವಾಸಕೋಶ ಮೊದಲೇ ಕಲ್ಲಿನ ಧೂಳಿನಿಂದ ಹೋಗಿತ್ತು, ಎರಡು ಗಂಟೆ ಮೊದಲಾಗಿದ್ದರೆ ಉಳಿಯುತ್ತಿದ್ದರಾ ಇಲ್ಲವಾ ಹೇಳಲಾಗದು ಎಂದರು ಡಾಕ್ಟರು. ಹೇಳಲಾಗದು. ಆ ಮಾತು ಈಗಲೂ ನನ್ನ ಬೆನ್ನು ಬಿಟ್ಟಿಲ್ಲ.

ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಶಾಂತವ್ವ ಎಕ್ಸರೇ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಅಳುತ್ತಿರಲಿಲ್ಲ. ನನ್ನನ್ನು ನೋಡಿ ತಾವಾಗಿಯೇ ಮಾತು ತೆಗೆದರು. ಕರೆಂಟು ಇಲ್ಲದ ಆ ಎರಡು ಗಂಟೆ ಯಲ್ಲಪ್ಪ ಅದೇ ಬೆಂಚಿನಲ್ಲಿ ಕೂತು ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡಿದರಂತೆ. ಹೆಂಡತಿಗೆ ಲೆಕ್ಕ ಹಾಕಲು ಹೇಳಿ, ಹತ್ತು, ಹದಿನೈದು, ಇಪ್ಪತ್ತು... ಬೇಡ ಎಂದರೂ ಕೇಳಲಿಲ್ಲವಂತೆ. ತನ್ನಿಂದಾಗಿ ಆ ಹುಡುಗಿ ಬೈಸಿಕೊಳ್ಳಬಾರದು ಎಂದರಂತೆ.

ಆಮೇಲೆ ಶಾಂತವ್ವ ನನ್ನ ಕೈ ಹಿಡಿದು ಕೇಳಿದರು.

“ಮೊದಲನೇ ಸಲಾನ ಸರಿ ಹಿಡಿದಿದ್ರ ಫೋಟೋ ಲಗೂನ ಬರ್ತಿತ್ತಲ್ರೀ. ಡಾಕ್ಟರು ಇರೂದ್ರಾಗ ನೋಡ್ತಿದ್ರು. ತಮ್ಮ ಜೀವಾ ತಾವ ಕಳ್ಕೊಂಡ್ರು, ಹೌದಲ್ರೀ?”

ಇಲ್ಲ ಎನ್ನಬೇಕಿತ್ತು. ಒಂದೇ ಶಬ್ದ. ನಾಲಿಗೆ ಬಿದ್ದುಹೋಗಿತ್ತಾ ನನ್ನದು? ಬಸ್ಸಿಗೆ ಹೊತ್ತಾಯಿತು ಎಂದು ಕೈ ಬಿಡಿಸಿಕೊಂಡು ನಡೆದೆ.

ಒಂದು ವಾರ ಕಳೆಯಿತು. ಮತ್ತೆ ನನಗೆ ರಾತ್ರಿ ಪಾಳಿ. ರೋಗಿಗಳು ಯಾರೂ ಇರಲಿಲ್ಲ. ಉಳಿದಿದ್ದ ಎರಡು ಫಿಲ್ಮು ತೊಳೆದು ಮುಗಿಸುವ ಎಂದು ಡಾರ್ಕ್‌ರೂಮಿನಲ್ಲಿದ್ದೆ. ಕೆಂಪು ದೀಪ, ನಲ್ಲಿಯಿಂದ ತೊಟ್ಟು ತೊಟ್ಟು ನೀರು. ಡಾರ್ಕ್‌ರೂಮಿಗೂ ಎಕ್ಸರೇ ಕೋಣೆಗೂ ನಡುವಿನ ಗೋಡೆಯಲ್ಲಿ ಫಿಲ್ಮಿನ ಪೆಟ್ಟಿಗೆ ದಾಟಿಸಲು ಒಂದು ಪುಟ್ಟ ಕಿಂಡಿ ಉಂಟು.

ಆ ಕಿಂಡಿಯಿಂದ ಮೊದಲು ವಾಸನೆ ಬಂತು... ಕಲ್ಲು ಒಡೆದ ವಾಸನೆ. ಹುಳಿ ವಾಸನೆಯ ನಡುವೆಯೂ ಮೂಗಿಗೆ ಸ್ಪಷ್ಟವಾಗಿ ಬಡಿಯಿತು.

ಆಮೇಲೆ ಸದ್ದು. ಯಾರೋ ಉಸಿರು ಎಳೆದುಕೊಂಡರು. ಉದ್ದಕ್ಕೆ, ಎದೆ ತುಂಬಾ, ಕಫದ ಗೊರಗೊರ ಸಮೇತ.

ನಾನು ಕಾದೆ. ಎಳೆದವರು ಬಿಡಬೇಕಲ್ಲ... ಹತ್ತು ಎಣಿಸಿದೆ. ಇಪ್ಪತ್ತು. ನಲವತ್ತು. ಬಿಟ್ಟ ಸದ್ದು ಬರಲಿಲ್ಲ. ನನ್ನ ಉಸಿರೂ ನಿಂತಿತ್ತು ಎಂದು ಗೊತ್ತಾದದ್ದು ಎದೆ ನೋಯತೊಡಗಿದಾಗ.

ಕಿಂಡಿ ತೆರೆದು ನೋಡಿದೆ. ಕೋಣೆಯಲ್ಲಿ ಯಾರೂ ಇಲ್ಲ. ಟ್ಯೂಬ್‌ಲೈಟ್ ಉರಿಯುತ್ತಿತ್ತು, ಬಾಗಿಲು ಒಳಗಿನಿಂದ ನಾನೇ ಹಾಕಿದ ಚಿಲಕದಲ್ಲಿ ಹಾಗೆಯೇ ಉಂಟು. ಆದರೆ ಎದೆಯ ಸ್ಟ್ಯಾಂಡು... ಸಂಜೆ ಒಬ್ಬ ಗಿಡ್ಡ ಹೆಂಗಸಿಗೆಂದು ನಾನು ತಗ್ಗಿಸಿ ಇಟ್ಟದ್ದು, ಈಗ ಯಲ್ಲಪ್ಪನವರ ಗಲ್ಲದ ಎತ್ತರಕ್ಕೆ ಏರಿತ್ತು. ಆ ಸ್ಟ್ಯಾಂಡು ಏರಿಸಿದರೆ ಕಿರ್ರ್ ಎಂದು ಇಡೀ ಕಾರಿಡಾರಿಗೆ ಕೇಳುತ್ತದೆ. ನನಗೆ ಕೇಳಿರಲಿಲ್ಲ.

ಓಡಬೇಕಿತ್ತು ಅಲ್ವಾ? ಬಾಯಿಗೆ ಬಂದದ್ದು ಒಂದೇ ಶಬ್ದ, ಆವತ್ತು ಮರೆತದ್ದು.

“ಬಿಡಿ... ಉಸಿರು ಬಿಡಿ.”

ಬಿಡಲಿಲ್ಲ. ಬದಲಿಗೆ ಕಿಂಡಿಯ ಹತ್ತಿರದಿಂದಲೇ, ಪಿಸುಮಾತಿನಲ್ಲಿ:

“ಈ ಸಲ ಛಲೋ ಬಂತೇನ್ರೀ ಅಕ್ಕಾರ?”

ನಾನು ಅಳಲು ಶುರುಮಾಡಿದೆ. ಹೆದರಿಕೆಯ ಅಳು ಅಲ್ಲ ಅದು. ಅಳುತ್ತಲೇ ಹೇಳಿದೆ, ಚೆನ್ನಾಗಿ ಬಂದಿತ್ತು ಯಲ್ಲಪ್ಪನವರೇ, ಹತ್ತೂ ಎಲುಬು ಕಾಣುತ್ತಿತ್ತು, ಮೊದಲ ಸಲವೂ ನೀವು ಸರಿಯಾಗಿಯೇ ಹಿಡಿದಿದ್ದಿರಿ, ಯಂತ್ರ ಸರಿ ಮಾಡದೆ ತಡಮಾಡಿದ್ದು ನಾನು, ಸುಳ್ಳು ಬರೆದದ್ದು ನಾನು. ತಪ್ಪಾಯಿತು. ಬಿಡಿ.

ನಲ್ಲಿಯ ನೀರು ಮಾತ್ರ. ಮುಗಿಯಿತು ಎಂದುಕೊಂಡೆ. ಆಗ ಇನ್ನೂ ಹತ್ತಿರದಿಂದ ಕೇಳಿತು, ಬೇಡುವವರ ಧ್ವನಿ.

“ಆಕೀಗೆ ಹೇಳಿದ್ರೇನ್ರೀ?”

ಆಮೇಲೆ ವಾಸನೆ ಹೋಯಿತು. ಬೆಳಗಿನವರೆಗೆ ನಾನು ಡಾರ್ಕ್‌ರೂಮಿನ ನೆಲದಲ್ಲಿಯೇ ಕೂತಿದ್ದೆ.

ಬಾಗಿಲು ಬಡಿದದ್ದು ಕೇಳಿ ಚಿಲಕ ತೆಗೆದು, ಲಾರೆನ್ಸ್ ಸರ್‌ಗೆ ಎಲ್ಲವನ್ನೂ ಹೇಳಿದೆ. ಹುಚ್ಚು ಹಿಡಿದಿದೆಯಾ ಎಂದು ಗದರಿಸುತ್ತಾರೆ ಎಂದುಕೊಂಡಿದ್ದೆ. ಅವರು ಗದರಿಸಲಿಲ್ಲ. ಸ್ಟ್ಯಾಂಡಿನ ಎತ್ತರ ಒಮ್ಮೆ ನೋಡಿದರು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ರಿಜಿಸ್ಟರು ತಂದು ಕೆಂಪು ಪೆನ್ನು ಕೊಟ್ಟರು. ‘ರೋಗಿ ಉಸಿರು ಹಿಡಿಯಲಿಲ್ಲ’ ಎಂಬುದನ್ನು ಹೊಡೆದು ಹಾಕಿ, ‘ವಿದ್ಯಾರ್ಥಿನಿಯ ತಪ್ಪು’ ಎಂದು ಬರೆದೆ.

“ಸಹಿ ಆಮೇಲೆ ನೋಡುವ. ಮೊದಲು ಆ ಹೆಂಗಸಿಗೆ ಹೇಳಿ ಬಾ,” ಎಂದರು.

ಆವತ್ತೇ ಬಸ್ಸು ಹಿಡಿದು, ಇಳಿದು, ಬಿಸಿಲಿನಲ್ಲಿ ನಡೆದು ಕೋರೆಗೆ ಹೋದೆ. ಶೆಡ್ಡಿನಲ್ಲಿ ಬೇರೆ ಸಂಸಾರ ಇತ್ತು. ಶಾಂತವ್ವ ಮಕ್ಕಳನ್ನು ಕಟ್ಟಿಕೊಂಡು ಮೂರು ದಿನದ ಹಿಂದೆ ಊರಿಗೆ ಹೋದರಂತೆ. ಯಾವ ಊರು ಎಂದರೆ ಬಾಗಲಕೋಟೆ ಕಡೆ ಎಂದರು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಬರೆಸಿದ ವಿಳಾಸವೂ ಕೋರೆಯದ್ದೇ. ಎಂಟು ದಿನ ಮೊದಲು, ಆ ಬೆಂಚಿನಲ್ಲಿ, ಅವರು ನನ್ನ ಕೈಯನ್ನೇ ಹಿಡಿದುಕೊಂಡಿದ್ದರಲ್ಲ.

ತಿಂಗಳ ಕೊನೆಗೆ, ಲೆಕ್ಕದಲ್ಲಿ ಆರು ತಪ್ಪಿದ್ದರೂ, ಲಾರೆನ್ಸ್ ಸರ್ ಸಹಿ ಹಾಕಿದರು. ನಾನು ಪಾಸೂ ಆದೆ, ಉಡುಪಿಯಲ್ಲಿ ಕೆಲಸವೂ ಸಿಕ್ಕಿತು. ಈಗ ನಮ್ಮಲ್ಲಿ ಸ್ಕ್ಯಾನಿಂಗ್ ಯಂತ್ರವೇ ರೋಗಿಗೆ ಉಸಿರು ಹಿಡಿ, ಬಿಡು ಎಂದು ಹೇಳುತ್ತದೆ. ಆದರೂ ನಾನು ಬಾಯಿಬಿಟ್ಟು ಹೇಳುತ್ತೇನೆ. ಜೊತೆಯವರು ತಮಾಷೆ ಮಾಡುತ್ತಾರೆ, ಮಾಡಲಿ.

ಅವರಿಗೆ ಗೊತ್ತಿಲ್ಲ. ಕೆಲವು ರಾತ್ರಿ, ಕೋಣೆಯಲ್ಲಿ ನಾನೊಬ್ಬಳೇ ಇದ್ದಾಗ, ಬೆನ್ನ ಹಿಂದೆ ಯಾರೋ ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ನಾನು ತಿರುಗುವುದಿಲ್ಲ. ಇನ್ನೂ ಸಿಕ್ಕಿಲ್ಲ ಯಲ್ಲಪ್ಪನವರೇ, ಹುಡುಕುತ್ತಿದ್ದೇನೆ ಎನ್ನುತ್ತೇನೆ. ಆ ಕಡೆಯ ರೋಗಿಗಳು ಬಂದರೆ ಊರು ಕೇಳುತ್ತೇನೆ, ಶಾಂತವ್ವ ಎಂಬವರು ಗೊತ್ತಾ ಎನ್ನುತ್ತೇನೆ. ಶಾಂತವ್ವ ಎಂಬ ಹೆಸರು ಆ ಸೀಮೆಯಲ್ಲಿ ಎಷ್ಟು ಮನೆಯಲ್ಲಿ ಇರುವುದಿಲ್ಲ ಹೇಳಿ.

ಅದಕ್ಕೇ ಇದನ್ನು ಬರೆದದ್ದು. ಶಾಂತವ್ವ, ನಿಮಗೆ ಓದು ಬಾರದಿರಬಹುದು. ಮಕ್ಕಳು ಈಗ ದೊಡ್ಡವರಾಗಿರಬೇಕು, ಯಾರಾದರೂ ಓದಿ ಹೇಳಲಿ. ನಿಮ್ಮ ಯಜಮಾನರು ಮೊದಲ ಸಲವೇ ಸರಿಯಾಗಿ ಹಿಡಿದಿದ್ದರು. ತಪ್ಪು ನನ್ನದು.

ಬರೆದು ಮುಗಿಸಿ, ಕಿವಿಗೊಟ್ಟು ಕೂತಿದ್ದೇನೆ. ಎಳೆದುಕೊಂಡದ್ದು ಆಗಲೇ ಕೇಳಿತು... ಬಿಟ್ಟದ್ದು ಇನ್ನೂ ಕೇಳಿಲ್ಲ.